ಬಂಟನಕುಂಟೆಯ ವೀರಗಲ್ಲಿಗೆ ಅಕ್ಕನ ಜೊತೆ

ಗದಗಿನ ಕಡೆಯ ರೈಲು ಯಶವಂತಪುರಕ್ಕೆ ಬರುವಷ್ಟರಲ್ಲಿ ಬಿಸಿಲು ಪ್ಲಾಟ್‌ಫಾರಂ ತುಂಬ ಹರಡಿತ್ತು. ನಾನು ಎರಡು ಚಹಾ ಕುಡಿದು ಮುಗಿಸಿದ್ದೆ. ಗಿರಿಜಕ್ಕ ಇಳಿದಳು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಬಾಯಿಗೆ ಬಟ್ಟೆ ಬಿಗಿದ ಒಂದು ನೀರಿನ ಕ್ಯಾನು. ಇಸಿದುಕೊಳ್ಳಲು ಹೋದರೆ ರೊಟ್ಟಿಯ ಗಂಟು ಕೊಟ್ಟಳೇ ಹೊರತು ಕ್ಯಾನು ಕೊಡಲಿಲ್ಲ.

"ಯಾಕಬೇ, ಬೆಂಗಳೂರಾಗ ನೀರ ಸಿಗೂದಿಲ್ಲ ಅಂತ ಯಾರರ ಹೇಳಿದ್ರೇನು?" ಎಂದು ರೇಗಿಸಿದೆ.

"ಸಿಗಬಹುದು. ನನಗ ನಮ್ಮ ಬಾವಿ ನೀರ ಬೇಕಾಗಿತ್ತು" ಎಂದು ಹೇಳಿ ಮೆಟ್ಟಿಲು ಹತ್ತತೊಡಗಿದಳು. ಅಕ್ಕ ಒಂದು ಮಾತಿಗೆ ಒಂದೇ ಮಾತು ಹೇಳುವವಳು. ನಾನು ಒಂದಕ್ಕೆ ಹತ್ತು.

ಈ ಪ್ರಯಾಣದ ಕಾರಣ ನಮ್ಮೂರ ಓದುಗರಿಗೆ ಗೊತ್ತೇ ಇದೆ, ಉಳಿದವರಿಗಾಗಿ ಹೇಳುತ್ತೇನೆ. ಗಂಡನಿಲ್ಲದ ಗಿರಿಜಕ್ಕನ ಒಬ್ಬನೇ ಮಗ ಬಸವರಾಜ, ನಮ್ಮೆಲ್ಲರ ಬಾಯಲ್ಲಿ ಬಸು, ಸೈನ್ಯದಲ್ಲಿದ್ದ. ಗಡಿಯಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಬಸ್ ಸ್ಟ್ಯಾಂಡಿನ ಮುಂದೆ ಅವನದೊಂದು ಸ್ಮಾರಕ ನಿಲ್ಲಿಸಬೇಕೆಂದು ಊರವರು ಸಮಿತಿ ಮಾಡಿದರು. ಜಾಗ ಗುರುತಾಯಿತು, ಎಲ್ಲವೂ ಹೊಂದಿಕೆಯಾಯಿತು, ಅಕ್ಕನ ಒಪ್ಪಿಗೆಯೊಂದು ಬಿಟ್ಟು. ಅವಳು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೇಳಿದವರಿಗೆಲ್ಲ ಒಂದೇ ಪ್ರಶ್ನೆ ತಿರುಗಿ ಕೇಳುತ್ತಿದ್ದಳು: "ಕಲ್ಲ ನಿಂದರಸ್ತೀರಿ, ಖರೆ. ನಾ ಹೋದಮ್ಯಾಲೆ ಅದಕ್ಕ ನೀರ ಹಾಕೋರು ಯಾರು?" ಸಮಿತಿಯಲ್ಲಿ ಯಾರಿಗೂ ಇದಕ್ಕೆ ಉತ್ತರ ಹೊಳೆದಿರಲಿಲ್ಲ.

ಕಳೆದ ತಿಂಗಳು ಸಮಿತಿಯ ಅಧ್ಯಕ್ಷರಾದ ಸಂಗಪ್ಪ ಮಾಸ್ತರರು ಫೋನಿನಲ್ಲಿ ಎಲ್ಲಿಂದಲೋ ಒಂದು ಚಿತ್ರ ಹುಡುಕಿ ನನಗೆ ಕಳಿಸಿದರು. ಕರಿ ಕಲ್ಲಿನಲ್ಲಿ ಒಬ್ಬ ವೀರ, ಕೊರಳು ತುಂಬ ಹಾರ, ಮುಂದೆ ಬಾಳೆ ಎಲೆಯಲ್ಲಿ ಎಡೆ. 'ಇದು ನಿಮ್ಮ ಯಲಹಂಕದ ಹತ್ತಿರವೇ ಅಂತೆ, ಬಂಟನಕುಂಟೆ. ಹೋಗಿ ನೋಡಿ ಬರ್ರಿ, ಇಂಥದ್ದನ್ನೇ ಮಾಡಿಸೋಣ' ಎಂದು ಬರೆದಿದ್ದರು. ಅಕ್ಕನಿಗೂ ತೋರಿಸಿದರಂತೆ. ಎರಡು ವರ್ಷ ಮನೆ ಬಿಟ್ಟು ಕದಲದಿದ್ದ ಅಕ್ಕ ಅಂದೇ ನನಗೆ ಫೋನು ಮಾಡಿ, ನಾನೂ ಬರ್ತೀನಿ ಎಂದಳು. ನೋಡಿ ಬಂದಮೇಲೆ ಒಪ್ಪಿಗೆಯೋ ಅಲ್ಲವೋ ಹೇಳುತ್ತೇನೆ ಎಂದು ಮಾಸ್ತರರಿಗೆ ಮಾತು ಕೊಟ್ಟೇ ರೈಲು ಹತ್ತಿದ್ದಳು.

ಬಂಟನಕುಂಟೆ ಎಂದೊಡನೆ ನನಗೂ ಉಮೇದು ಬಂದಿತ್ತು. ಅಟ್ಟೂರಿನಲ್ಲಿ ಮನೆ ಮಾಡಿದ ಹೊಸದರಲ್ಲಿ, ಕಾರ್ಖಾನೆಗೆ ರಜೆ ಇದ್ದ ಒಂದು ಭಾನುವಾರ ಸೈಕಲ್ ತುಳಿದು ಅಲ್ಲಿಗೆ ಹೋಗಿದ್ದೆ. ಊರ ಕುಂಟೆಯ, ಅಂದರೆ ಸಣ್ಣ ಕೆರೆಯ, ಪಕ್ಕ ಹೊಂಗೆ ಮರದ ಕೆಳಗೆ ಎದೆಯುದ್ದದ ವೀರಗಲ್ಲು. ಕೆಳಗಿನ ಹಂತದಲ್ಲಿ ಕತ್ತಿ ಎತ್ತಿದ ಒಬ್ಬ, ಅವನ ಬೆನ್ನಿಗೆ ದನಗಳು. ನಡುವೆ ಇಬ್ಬರು ಹೆಂಗಸರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು. ಓದಬಲ್ಲ ಗೆಳೆಯರೊಬ್ಬರಿಗೆ ಫೋಟೋ ತೋರಿಸಿದಾಗ, ಸಾವಿರ ವರ್ಷಕ್ಕೆ ಹತ್ತಿರದ್ದು, ಊರ ದನ ಬಿಡಿಸಲು ಹೋಗಿ ಸತ್ತವನದು ಎಂದಿದ್ದರು. ಹೆಸರು ಇರಬೇಕಾದ ಕಡೆ ಕಲ್ಲಿನ ಚಕ್ಕೆ ಎದ್ದುಹೋಗಿತ್ತು. ರಾಜನಿಗೆ ಗುಡಿ ಉಂಟು, ಕೋಟೆ ಉಂಟು. ಹೆಸರು ಅಳಿದುಹೋದ ಒಬ್ಬ ದನಗಾಹಿಗೂ ಇಷ್ಟು ದೊಡ್ಡ ಕಲ್ಲು ನಿಲ್ಲಿಸಿದ ಜನ ನಮ್ಮವರು ಎಂದು ಅವತ್ತು ಎದೆಯುಬ್ಬಿಸಿಕೊಂಡು ಸೈಕಲ್ ತುಳಿದಿದ್ದೆ. ನಮ್ಮ ಜಿಲ್ಲೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ನಮ್ಮೂರಲ್ಲಿ ಮಾತ್ರ ಒಂದೂ ಇಲ್ಲವಲ್ಲ ಎಂಬ ಕೊರಗು ನನಗೆ ಮೊದಲಿಂದ.

ಯಶವಂತಪುರದಿಂದ ಯಲಹಂಕದ ಬಸ್ಸು ಹತ್ತಿದೆವು. ಹೆಣ್ಣುಮಕ್ಕಳಿಗೆ ದುಡ್ಡಿಲ್ಲ, ಅಕ್ಕ ಆಧಾರ್ ಕಾರ್ಡು ತೋರಿಸಿ ಸೊನ್ನೆಯ ಟಿಕೆಟ್ ಇಸಿದುಕೊಂಡು, ಜೇಬಿಗೆ ಕೈ ಹಾಕಿದ ನನ್ನನ್ನು ಕನಿಕರದಿಂದ ನೋಡಿದಳು. ಹೆಬ್ಬಾಳದಲ್ಲಿ ಮೇಲ್ಸೇತುವೆಯ ಬುಡಕ್ಕೆ ಬಂದು ಬಸ್ಸು ನಿಂತಿದ್ದು ನಿಂತೇ ನಿಂತಿತು. ಕೆಳಗೆ, ಮೇಲೆ, ಪಕ್ಕದಲ್ಲಿ ವಾಹನ.

"ಇಷ್ಟ ಮಂದಿ ಎಲ್ಲಿಗೆ ಹೊಂಟಾರ?"

"ಕೆಲಸಕ್ಕ."

"ದಿನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಬಿಲ್ಡಿಂಗಿನ ತುದಿಯವರೆಗೂ ಕತ್ತೆತ್ತಿ ನೋಡಿದಳು. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. "ಇವರು ಅರಬಿ ಎಲ್ಲಿ ಒಗೀತಾರ?" ಎಂದಳು. ಮಷಿನ್ನಿನಲ್ಲಿ ಎಂದೆ. ನಿನಗೂ ಒಂದು ಕೊಡಿಸುತ್ತೇನೆಂದು ಎಷ್ಟು ಸಲ ಹೇಳಿಲ್ಲ ಎಂದೂ ಸೇರಿಸಿದೆ. "ನನಗ ನಮ್ಮ ಹಳ್ಳದ ಕಲ್ಲ ಸಾಕಪಾ. ಅದರಷ್ಟ ಅಗಲಾದ್ದು ಯಾವ ಊರಾಗೂ ಇಲ್ಲ" ಎಂದು ಕ್ಯಾನನ್ನು ಮಡಿಲಿಗೆ ಎಳೆದುಕೊಂಡಳು.

ಯಲಹಂಕದಲ್ಲಿ ಇಳಿದು ಒಂದು ದರ್ಶಿನಿಯಲ್ಲಿ ತಿಂಡಿ. ನನಗೆ ಇಡ್ಲಿ ವಡೆ. ಅಕ್ಕ ಸಾಂಬಾರಿನಲ್ಲಿ ಬೆಲ್ಲವಿದೆ ಎಂದು ಮುಖ ಕಿವುಚಿ, ತನ್ನ ಗಂಟು ಬಿಚ್ಚಿ ನಿಂತಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಅಷ್ಟರಲ್ಲಿ ತಲೆಯ ಮೇಲೆ ಯುದ್ಧವಿಮಾನವೊಂದು ಆಕಾಶ ಸೀಳುವಂತೆ ಹಾದುಹೋಯಿತು. ಇಲ್ಲಿಯವರು ಯಾರೂ ತಲೆಯೆತ್ತುವುದಿಲ್ಲ, ಅಭ್ಯಾಸ. ಅಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಬಸು ಫೋನ್ ಮಾಡಿದಾಗ ಹಿಂದ ಇಂಥಾದ್ದ ಸಪ್ಪಳ ಕೇಳಿಸ್ತಿತ್ತು. ಏನಪಾ ಅದು ಅಂದ್ರ, ಟ್ರ್ಯಾಕ್ಟರ್ ಬೇ ಅಂತಿದ್ದ" ಎಂದಳು. ನಾನು ಉಳಿದ ವಡೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದೆ.

ಅಲ್ಲಿಂದ ದೊಡ್ಡಬಳ್ಳಾಪುರ ರಸ್ತೆಯ ಬಸ್ಸಿನಲ್ಲಿ ರಾಜಾನುಕುಂಟೆ. ಮುಂದಕ್ಕೆ ಬಸ್ಸಿಲ್ಲ, ಆಟೋ. "ಬಂಟನಕುಂಟೆ ಅಂದ್ರೆ ಹಳೇ ಊರಾ, ಲೇಔಟಾ ಗುರೂ?" ಎಂದು ಕೇಳಿದ ಆಟೋದವನು. ಹಳೇ ಊರು ಎಂದೆ. "ಹಳೇ ಊರ್ ಅಂತ ಈಗ ಏನೂ ಉಳಿದಿಲ್ಲ, ಆದ್ರೂ ಬಿಡ್ತೀನಿ ಕೂತ್ಕೊಳಿ" ಎಂದ. ದಾರಿಯುದ್ದಕ್ಕೂ ಸೈಟುಗಳ ಕಲ್ಲು ನೆಟ್ಟ ರಾಗಿ ಹೊಲ, ಕಮಾನು, ಕಮಾನಿಗೆ ಕಟ್ಟಿದ ಬಣ್ಣದ ಬಾವುಟ. ನಾನು ಸೈಕಲ್ ತುಳಿದ ದಾರಿ ಇದೇ ಎಂದು ಹೇಳಲು ಒಂದು ಗುರುತೂ ಸಿಗಲಿಲ್ಲ.

ಇಳಿದವನು ಮೊದಲು ಹುಡುಕಿದ್ದು ಹೊಂಗೆ ಮರವನ್ನು. ಮರ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಚ್ಚಲುಮನೆಗೆ ಹಾಕುವಂಥ ಟೈಲ್ಸ್ ಮೆತ್ತಿದ ಪುಟ್ಟ ಗುಡಿ, ಸುತ್ತ ಸ್ಟೀಲ್ ಕಂಬಿ. ಒಳಗೆ ನನ್ನಷ್ಟೇ ಎತ್ತರದ ಹೊಳೆಯುವ ಕರಿ ಗ್ರಾನೈಟ್ ನನ್ನ ಪ್ರತಿಬಿಂಬವನ್ನೇ ನನಗೆ ತೋರಿಸಿತು. ಅದರ ಮೇಲೆ ಮಷಿನ್ನಿನಲ್ಲಿ ಕೊರೆದ ಆಳು: ಕೈಯಲ್ಲಿ ಕತ್ತಿ, ಗುರಾಣಿ, ಸೊಂಟಕ್ಕೆ ಕಚ್ಚೆ, ತಲೆಗೆ ಈಗಿನ ಸೈನಿಕರ ಓರೆ ಟೋಪಿ. ಮುಖದ ಅರ್ಧಕ್ಕೆ ಸೇವಂತಿಗೆಯ ಹಾರ. ಕೆಳಗೆ ಚಿನ್ನದ ಬಣ್ಣದಲ್ಲಿ 'ಶ್ರೀ ಬಂಟಪ್ಪಸ್ವಾಮಿ ಪ್ರಸನ್ನ'. ಮಾಸ್ತರರು ಕಳಿಸಿದ ಚಿತ್ರದಲ್ಲಿದ್ದುದು ಇದೇ. ಹಳೆಯ ಕಲ್ಲು ಪಕ್ಕದಲ್ಲೆಲ್ಲೋ ಇರಬೇಕು, ಚಿತ್ರದಲ್ಲಿ ಬಿದ್ದಿಲ್ಲ ಎಂದು ನಾನು ತಿಳಿದಿದ್ದೆ. ಗುಡಿಯನ್ನು ಸುತ್ತಿ ಬಂದೆ. ಎಲ್ಲಿಯೂ ಇಲ್ಲ.

ಪಕ್ಕದಲ್ಲಿ ಸಮುದಾಯ ಭವನ ಏಳುತ್ತಿತ್ತು. ಅಲ್ಲಿಂದ ಬಿಳಿ ಪಂಚೆ, ಬಿಳಿ ಅಂಗಿಯ ಐವತ್ತರ ಆಸುಪಾಸಿನ ಒಬ್ಬರು ನಗುತ್ತ ಬಂದರು. ಹೆಸರು ಮುನಿರಾಜಣ್ಣ, ಗುಡಿ ಕಟ್ಟಿಸಿದವರು. ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಲೇಔಟು, ಎರಡು ಜೆಸಿಬಿ, ಈ ಭವನದ ಕೆಲಸವೂ ಅವರದೇ.

"ಬನ್ನಿ ಸಾ, ಯಾವ್ ಕಡೆಯಿಂದ? ಬಂಟಪ್ಪನ್ ನೋಡಾಕ್ ದೂರ ದೂರದಿಂದ ಬತ್ತಾವ್ರೆ ಈಗ."

"ಇಲ್ಲೊಂದು ಹಳೇ ಕಲ್ಲಿತ್ತಲ್ಲ, ಮೂರು ಹಂತದ್ದು?"

"ಬಂಟಪ್ಪಂದು ತಾನೆ? ಅದೇ ಇದು. ಜೀರ್ಣೋದ್ಧಾರ ಮಾಡ್ಸಿದ್ವಿ."

"ಇದಲ್ಲ, ಹಳೇದು. ಹಳೇದು ಎಲ್ಲಿ?"

"ಅದನ್ನ ಕುಂಟೇಗ್ ಬಿಟ್ವಿ ಸಾ" ಎಂದರು, ಗಣಪತಿ ಬಿಟ್ಟೆವು ಎನ್ನುವಷ್ಟು ಸಲೀಸಾಗಿ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರು ವಿವರಿಸಿದರು, ಹೆಮ್ಮೆಯಿಂದಲೇ. ರಸ್ತೆ ಅಗಲ ಮಾಡುವಾಗ ಜೆಸಿಬಿ ಹಿಂದಕ್ಕೆ ಬಂದು ಕಲ್ಲಿನ ಮೂಲೆ ಒಡೆಯಿತು. ಊರಿಗೆ ಊರೇ ಹೆದರಿತು. ಭಿನ್ನವಾದದ್ದಕ್ಕೆ ಪೂಜೆ ಸಲ್ಲದು ಎಂದು ಐನೋರು ಹೇಳಿದರು. ಹೋಮ ಮಾಡಿಸಿ, ಹಳೆಯ ಕಲ್ಲಿನ ಶಕ್ತಿಯನ್ನು ಕಳಸದ ನೀರಿಗೆ ಕರೆದು, ಆ ನೀರನ್ನು ಹೊಸ ಕಲ್ಲಿನ ಮೇಲೆ ಸುರಿದರು. ಹಳೆಯದಕ್ಕೆ ಹೂವು ಮುಡಿಸಿ, ತಮಟೆ ಬಡಿದು ಮೆರವಣಿಗೆಯಲ್ಲಿ ಒಯ್ದು ಕುಂಟೆಯಲ್ಲಿ ಮುಳುಗಿಸಿದರು. "ಎಂಗಸ್ರು ಗೋಳೋ ಅಂತ ಅತ್ತುಬಿಟ್ರು ಸಾ. ನಾನೂ ಅತ್ತೆ."

"ಕುಂಟೆ ಎಲ್ಲಿದೆ ಈಗ?"

ಅವರು ಭವನದ ಹಿಂದಿನ ಮಟ್ಟಸವಾದ ಮೈದಾನದ ಕಡೆ ಕೈ ತೋರಿಸಿದರು. ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆ, ಹಳೆಯ ಕಮೋಡು. "ನೀರೇ ನಿಲ್ತಿರ್ಲಿಲ್ಲ. ಆಮೇಲ್ ಮುಚ್ಚುಸ್ಬಿಟ್ವಿ. ಪಾರ್ಕಿಂಗಿಗ್ ಜಾಗ ಬೇಕಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಕದ್ದು ಮಾರಿದ್ದರೆ ಬೈಯಬಹುದಿತ್ತು. ಒಡೆದು ಚರಂಡಿಗೆ ಹಾಕಿದ್ದರೂ ಬೈಯಬಹುದಿತ್ತು. ಇವರು ಅಳುತ್ತ, ಹೂವು ಮುಡಿಸಿ, ಭಕ್ತಿಯಿಂದ ಸಾವಿರ ವರ್ಷವನ್ನು ಹುಗಿದಿದ್ದರು. ಆದರೂ ಬೈದೆ. "ರೀ, ಅದು ದೇವರಲ್ಲ ಕಣ್ರೀ, ನಿಮ್ಮೂರಿಗಾಗಿ ಸತ್ತ ಮನುಷ್ಯ! ಅವನ ಹೆಸರೂ ಇಲ್ಲ, ಮನೆಯೂ ಇಲ್ಲ, ಅವನು ಇದ್ದ ಅನ್ನೋದಕ್ಕೆ ಇದ್ದದ್ದು ಆ ಕಲ್ಲೊಂದು. ಅದರ ಮೇಲೆ ಕಮೋಡು ಸುರಿದಿದ್ದೀರಲ್ರೀ!" ಕೂಗಾಟಕ್ಕೆ ಭವನದ ಕೆಲಸಗಾರರು ಕೆಲಸ ನಿಲ್ಲಿಸಿ ನೋಡಿದರು. ಮುನಿರಾಜಣ್ಣ ಪಾಪ, ಒಳ್ಳೆಯದು ಮಾಡಿ ಬೈಸಿಕೊಂಡವರ ಹಾಗೆ ಕಣ್ಣು ಬಿಡುತ್ತ ನಿಂತರು.

ಆಗ ಅಕ್ಕನ ನೆನಪಾಯಿತು. ಅವಳು ಚಪ್ಪಲಿ ಬಿಟ್ಟು ಕಂಬಿಯ ಒಳಗೆ ಹೋಗಿದ್ದಳು. ಕ್ಯಾನಿನ ಬಟ್ಟೆ ಬಿಚ್ಚಿತ್ತು. ಹೊಸ ಕಲ್ಲಿನ ಹಾರವನ್ನು ಒಂದು ಕಡೆ ಸರಿಸಿ, ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಆ ಮುಖಕ್ಕೆ ಮೆತ್ತಿದ್ದ ಕುಂಕುಮವನ್ನು ಮೆಲ್ಲಗೆ ಒರೆಸುತ್ತಿದ್ದಳು.

"ತಮ್ಮಾ, ಬಾ ಇಲ್ಲೆ. ಹುಬ್ಬ ನೋಡು."

ನೋಡಿದೆ. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ. ಚಿಕ್ಕವನಿದ್ದಾಗ ಚಕ್ಕಡಿಯಿಂದ ಬಿದ್ದು ಆಗಿದ್ದ ಗಾಯ. ಅವನನ್ನು ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದವನು ನಾನೇ. ಓರೆ ಟೋಪಿ, ಹುರಿ ಮಾಡಿದ ಸಣ್ಣ ಮೀಸೆ, ನಗಬೇಕೋ ಬೇಡವೋ ಎಂಬಂಥ ತುಟಿ. ನಮ್ಮ ಬಸು. ಸಾವಿರ ವರ್ಷದ ಹಿಂದಿನವನ ಮೈ, ಕತ್ತಿ, ಗುರಾಣಿ. ಮೇಲೆ ನನ್ನ ಅಳಿಯನ ಮುಖ. ನಾನು ಕಂಬಿ ಹಿಡಿದುಕೊಂಡೆ.

"ಈ ಮುಖ ಎಲ್ಲಿಂದ ತಂದ್ರಿ?" ಎಂದೆ ಮುನಿರಾಜಣ್ಣನಿಗೆ.

"ಕಲ್ ಕೊರೆಯೋನು ಮುಖದ್ ಫೋಟೋ ಕೊಡಿ ಅಂದ. ಬಂಟಪ್ಪಂದ್ ಫೋಟೋ ಎಲ್ಲಿ ತರಾದು ಸಾ? ಫೋನಲ್ಲಿ ಹುಡುಕಿದ್ವಿ, ಯುದ್ಧದಲ್ಲಿ ಹೋದ ವೀರರು ಅಂತ. ಬೇಕಾದಷ್ಟು ಬಂದ್ವು. ಈ ಮುಖ ಲಕ್ಷಣವಾಗಿತ್ತು, ನಮ್ ಬಂಟಪ್ಪ ಇಂಗೇ ಇದ್ದಿರ್ಬೇಕು ಅಂತ ಎಲ್ರೂ ಒಪ್ಕಂಡ್ರು. ಯಾಕ್ ಸಾ?"

"ನನ್ನ ಮಗ ಅವ" ಎಂದಳು ಅಕ್ಕ, ತಿರುಗದೆಯೇ.

ಮುನಿರಾಜಣ್ಣ ಮೊದಲು ನಕ್ಕರು, ಅರ್ಥವಾಗದೆ. ನಾನು ಫೋನಿನಲ್ಲಿದ್ದ ಬಸುನ ಫೋಟೋ ತೆಗೆದು ತೋರಿಸಿದೆ. ಅವನು ತೀರಿಕೊಂಡಾಗ ಎಲ್ಲರೂ ಹಂಚಿಕೊಂಡಿದ್ದ ಅದೇ ಫೋಟೋ. ಅವರು ಅದನ್ನೂ ಕಲ್ಲನ್ನೂ ನೋಡಿದರು. ಹಣೆಯಲ್ಲಿ ಬೆವರು ಬಂತು. ಚಪ್ಪಲಿ ಕಳಚಿ, ಆ ಬಿಳಿ ಪಂಚೆಯಲ್ಲೇ ನೆಲಕ್ಕೆ ಕೂತುಬಿಟ್ಟರು. "ತಾಯಿ ತಪ್ಪಾಯ್ತು. ಫೋಟೋ ಅಂತ ನೋಡಿದ್ವಿ, ಅದಕ್ಕೊಬ್ಳು ತಾಯಿ ಇರ್ತಾಳೆ ಅಂತ ನೋಡ್ಲಿಲ್ಲ."

"ನಿನಗ ಮೊದ್ಲ ಗೊತ್ತಿತ್ತೇನು?" ಎಂದು ಅಕ್ಕನನ್ನು ಕೇಳಿದೆ.

"ಮಾಸ್ತರು ತೋರಿಸಿದ ದಿನಾನ. ಹಾರದ ಮ್ಯಾಲೆ ಹುಬ್ಬ ಕಂಡಿತ್ತು. ಖಾತ್ರಿ ಮಾಡ್ಕೊಬೇಕಾಗಿತ್ತು."

"ನನಗರ ಹೇಳಬಾರದಾ?"

"ಹೇಳಿದ್ರ ನಾ ಬರೂದರಾಗ ನೀ ಇಲ್ಲಿ ಬಂದು ಜಗಳಾ ಮಾಡಿ ತಗಸಿಬಿಟ್ಟಿರ್ತಿದ್ದಿ."

ಈಗಲೂ ನನಗೆ ಅನ್ನಿಸುತ್ತಿದ್ದುದು ಅದೇ. ನಮ್ಮ ಹುಡುಗನ ಮುಖಕ್ಕೆ ಯಾರದೋ ಹೆಸರು ಬರೆದು, ಯಾರದೋ ಮೈ ಅಂಟಿಸಿ ಬೀದಿಯಲ್ಲಿ ನಿಲ್ಲಿಸಿದ್ದಾರೆ, ಈಗಿಂದೀಗಲೇ ತೆಗೆಯಬೇಕು. ಹಾಗೆಂದು ಹೇಳಿಯೂ ಬಿಟ್ಟೆ. ಮುನಿರಾಜಣ್ಣ ತಡಮಾಡಲಿಲ್ಲ. ಎದ್ದವರೇ ಭವನಕ್ಕೆ ಟೈಲ್ಸ್ ಕತ್ತರಿಸುತ್ತಿದ್ದವನನ್ನು ಕೂಗಿದರು. ಅವನು ಗ್ರೈಂಡರ್ ಹಿಡಿದು, ವೈರು ಎಳೆದುಕೊಂಡು ಬಂದ. ಪರೀಕ್ಷೆಗೆಂದು ಒಮ್ಮೆ ಗುಂಡಿ ಒತ್ತಿದ. ಚಕ್ರ ಕಿರ್ರೆಂದು ತಿರುಗಿತು. ಅವನು ಅದನ್ನು ಎತ್ತಿ ಬಸುನ ಹಣೆಯ ಮಟ್ಟಕ್ಕೆ ಹಿಡಿದ.

ಅಕ್ಕ ಕಲ್ಲಿಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದೆ ಚಾಚಿ ಅಡ್ಡ ನಿಂತಳು. ತಲೆಯನ್ನು ಬೇಡ ಬೇಡ ಎಂದು ಅಲ್ಲಾಡಿಸುತ್ತಲೇ ಇದ್ದಳು. ಕೆಲಸದವನು ಹೆದರಿ ವೈರನ್ನೇ ಕಿತ್ತ. ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆಯಿತು. ತೆಗೆಯಿರಿ ಎಂದು ಅಬ್ಬರಿಸಿದ್ದು ನಾನು. ತೆಗೆಯುವುದೆಂದರೆ ಹೀಗೆ ಎಂದು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯಿಂದ ಮುನಿರಾಜಣ್ಣನ ತಾಯಿ ಪಿಳ್ಳಮ್ಮ ಕೋಲೂರಿಕೊಂಡು ಬಂದರು. ಕಲ್ಲಿಗೆ ಎಡೆ ಇಡುವ ಕೆಲಸ ಆ ಮನೆಯ ಹೆಂಗಸರದು. ವಿಷಯವೆಲ್ಲ ಕೇಳಿ, ಮಗನ ತಲೆಗೊಂದು ಮೊಟಕಿ, ಅಕ್ಕನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಅಕ್ಕ ತನ್ನ ಹಳೆಯ ಪ್ರಶ್ನೆಯನ್ನೇ ಕೇಳಿದಳು, ಬೇರೆ ರೀತಿಯಲ್ಲಿ.

"ಇವಗ ನೀರ ಹಾಕೋರು ನೀವೇನ್ರಿ?"

"ಊಂ ಕಣವ್ವ. ನಮ್ಮತ್ತೆ ಆಕ್ತಿದ್ರು, ಅವ್ರತ್ತೆ ಆಕ್ತಿದ್ರು. ನಾನ್ ಓದ್ಮೇಲೆ ಸೊಸೆ ಆಕ್ತಾಳೆ. ಅಮಾಸೆ ಅಮಾಸೆಗೆ ಎಡೆ ಇಡ್ಬೇಕು. ಬಂಟಪ್ಪ ಅಸ್ಕೊಂಡು ಕೂತಿರ್ಬಾರ್ದು."

"ಎಡಿಗೆ ಏನ್ ಮಾಡ್ತೀರಿ?"

ಪಿಳ್ಳಮ್ಮ ಸ್ವಲ್ಪ ಹಿಂಜರಿದರು. ಅಕ್ಕನ ಹಣೆಯ ವಿಭೂತಿ, ಕೊರಳಿನ ಲಿಂಗದ ಕರಡಿಗೆ ಎರಡನ್ನೂ ಅವರು ನೋಡಿದ್ದರು. "ಮುದ್ದೆ... ಕೋಳಿ ಸಾರು. ಅವ್ನು ಕತ್ತಿ ಇಡ್ದೋನಲ್ವಾ ತಾಯಿ. ಸೊಪ್ಪು ಸಾರು ಇಟ್ರೆ ಆಗಾಕಿಲ್ಲ ಅಂತ ಹಿಂದ್ಲಿಂದ ಬಂದದ್ದು."

ನಮ್ಮ ಮನೆಯೊಳಗೆ ತತ್ತಿ ಕೂಡ ಬರುವುದಿಲ್ಲ. ನಮ್ಮ ಹುಡುಗನ ಮುಖದ ಮುಂದೆ ಅಮಾವಾಸ್ಯೆಗೊಂದು ಕೋಳಿ! ಅಕ್ಕ ಈಗ ಎದ್ದು ಹೊರಡುತ್ತಾಳೆ, ಸ್ಮಾರಕವೂ ಬೇಡ ಗೀರಕವೂ ಬೇಡ ಎನ್ನುತ್ತಾಳೆ ಎಂದು ಗಾಬರಿಯಾದೆ. ಅಕ್ಕ ಪಿಳ್ಳಮ್ಮನನ್ನೇ ನೋಡುತ್ತಿದ್ದಳು. ಆಮೇಲೆ ನಕ್ಕಳು. ಎರಡು ವರ್ಷದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೋಳಿ ಅಂದ್ರ ಅವಗ ಜೀವಾರಿ. ಮಿಲಿಟರಿಗೆ ಹೋದಮ್ಯಾಲೆ ರೂಢಿ ಆಗಿತ್ತು. ಸೂಟಿಗೆ ಬಂದಾಗ ಗೆಳ್ಯಾರ ಜೋಡಿ ಹೊಲದಾಗ ಮಾಡ್ಕೊಂಡು ತಿಂದು, ಬಾಯಿ ತುಂಬ ಯಾಲಕ್ಕಿ ಹಾಕ್ಕೊಂಡು ಮನಿಗೆ ಬರ್ತಿದ್ದ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದ. ನಾನೂ ಗೊತ್ತಿಲ್ಲದಂಗ ಇರ್ತಿದ್ದೆ. ಎರಡು ವರ್ಷ ಆತು, ಎಡಿಗೆ ಹೋಳಿಗಿ ಇಡ್ತೀನಿ. ಇಟ್ಟಾಗೊಮ್ಮೆ ಅನಸ್ತೈತಿ, ಇವಗ ಬೇಕಾದ್ದು ಇದಲ್ಲ ಅಂತ."

ಪಿಳ್ಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮುನಿರಾಜಣ್ಣ ಕಂಬಿಗೆ ಮುಖ ಒತ್ತಿಕೊಂಡು ಬಿಕ್ಕುತ್ತಿದ್ದರು.

"ಮಾರಿ ತಗೀಬ್ಯಾಡ್ರಿ. ಇರ್ಲಿ" ಎಂದಳು ಅಕ್ಕ. "ಆದ್ರ ಒಂದ ಮಾತು. ಆ ಹಳೀ ಕಲ್ಲಿನ್ಯಾವ, ಅವನೂ ಯಾರದೋ ಮಗ. ಅವನ ಎಡಿ ನನ್ನ ಮಗಾ ತಿನ್ನಬಾರದು. ಅವನ್ನ ಮ್ಯಾಲೆ ತಗೀರಿ, ಬಾಜೂಕ ನಿಂದರಸ್ರಿ. ಇಬ್ಬರಿಗೂ ಇಡ್ರಿ."

ನಾನು ಅಷ್ಟು ಕೂಗಾಡಿ ಆಗದ್ದು ಈ ಮಾತಿನಿಂದ ಆಯಿತು. ಜೆಸಿಬಿ ಬಂತು. ಹೊಂಗೆ ಮರವಿದ್ದಲ್ಲಿಂದ ನೇರಕ್ಕೆ, ಕುಂಟೆಯ ಹಳೆಯ ಸೋಪಾನದ ಬಲಗಡೆ ಎಂದು ಪಿಳ್ಳಮ್ಮ ಕೋಲಿನಿಂದ ಜಾಗ ತೋರಿಸಿದರು. ಮೇಲಿನ ಹೆಂಟೆಯೆಲ್ಲ ಸರಿಸಿದ ಮೇಲೆ ಮುನಿರಾಜಣ್ಣ ಜೆಸಿಬಿ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಕೆಲಸದವರ ಜೊತೆ ತಾವೇ ಸಲಿಕೆ ಹಿಡಿದರು. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಊಟದ ಹೊತ್ತು ಮೀರಿದರೂ ಯಾರೂ ಊಟದ ಮಾತೆತ್ತಲಿಲ್ಲ. ಕೊನೆಗೆ ಸಲಿಕೆಗೆ ಕಲ್ಲಿನ ಸದ್ದು ಕೇಳಿತು. ಕೆಸರಿನಲ್ಲಿ ಮಕಾಡೆ ಮಲಗಿತ್ತು. ಹಗ್ಗ ಹಾಕಿ ಹೊರಳಿಸಿದರು.

ಮೊದಲು 'ಅಯ್ಯೋ' ಎಂದವರು ಯಾರೋ ಗೊತ್ತಾಗಲಿಲ್ಲ. ನಾನೂ ಆಗಿರಬಹುದು. ಕಲ್ಲು ಎರಡು ತುಂಡಾಗಿತ್ತು. ಲಾರಿಗಟ್ಟಲೆ ಹೆಂಟೆ ಬಿದ್ದ ಭಾರಕ್ಕೆ, ಕತ್ತಿ ಎತ್ತಿದವನ ಹಂತದಿಂದ ಮೇಲಿನದು ಬೇರೆಯಾಗಿತ್ತು. ತೋಳು ಹಿಡಿದಿದ್ದ ಹೆಂಗಸರಲ್ಲಿ ಒಬ್ಬಳಿಗೆ ಮುಖವಿರಲಿಲ್ಲ. ಸಾವಿರ ವರ್ಷ ನಿಂತಿದ್ದು ನಮ್ಮ ಕಾಲದಲ್ಲಿ, ನಮ್ಮ ಕಣ್ಣೆದುರು ಹೀಗಾಯಿತಲ್ಲ ಎಂದು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತೆ.

ಮುನಿರಾಜಣ್ಣ ಸಲಿಕೆ ಕೈಬಿಟ್ಟರು. "ಇನ್ನೇನ್ ಮಾಡಾದು ತಾಯಿ? ಮೂಲೆ ಓದ್ದಕ್ಕೇ ಭಿನ್ನ ಅಂದ್ರು. ಈಗ ಎರಡ್ ತುಂಡಾಗೋಗದೆ. ಇಂಥದ್ನ ನಿಲ್ಲಿಸಿ ಪೂಜೆ ಮಾಡಂಗಿಲ್ಲ."

ಅಕ್ಕ ತೋಡಿದ ಗುಂಡಿಯ ಅಂಚಿಗೆ ಬಂದು ನಿಂತಿದ್ದಳು. ದನಿ ಏರಿಸಲಿಲ್ಲ.

"ನನ್ನ ಮಗನೂ ಇಡಿಯಾಗಿ ಬಂದಿರಲಿಲ್ರಿ ಅಣ್ಣಾರ. ಪೆಟಗಿ ತಗದು ತೋರ್ಸಲಿಲ್ಲ."

ಗ್ರೈಂಡರಿನ ಹುಡುಗ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮುನಿರಾಜಣ್ಣ ಮತ್ತೆ ಗುಂಡಿಗಿಳಿದರು. ಎರಡೂ ತುಂಡುಗಳನ್ನು ಬೇರೆ ಬೇರೆಯಾಗಿ ಎತ್ತಿಸಿ, ಗುಡಿಯ ಪಕ್ಕ ಗೋಣಿಚೀಲದ ಮೇಲೆ ಮಲಗಿಸಿದರು. ನಿಲ್ಲಿಸುವುದು ಹೇಗೆ, ಬಲ್ಲವರನ್ನು ಕರೆಸಿ ಕೇಳಬೇಕೆಂದು ನಾನು ಹೇಳಿದ್ದಕ್ಕೆ, ನೀವೇ ಮುಂದೆ ನಿಂತು ಮಾಡ್ಸಿ ಸಾ ಎಂದರು. ಒಪ್ಪಿಕೊಂಡೆ. ಸಿಮೆಂಟು ಮಾತ್ರ ಮುಟ್ಟಿಸಬೇಡಿ ಎಂದು ಮತ್ತೆ ಮತ್ತೆ ಹೇಳಿದೆ.

ಪಿಳ್ಳಮ್ಮ ತೆಂಗಿನ ನಾರು ತಂದರು. ಅಕ್ಕ ಕ್ಯಾನಿನಲ್ಲಿ ಉಳಿದಿದ್ದ ನಮ್ಮೂರ ಬಾವಿಯ ನೀರನ್ನು ಹಳೆಯ ಕಲ್ಲಿಗೆ ಸುರಿದು, ಕುಕ್ಕುರುಗಾಲಲ್ಲಿ ಕೂತು ತಿಕ್ಕತೊಡಗಿದಳು. ಕೆಸರು ಕರಗಿ ಕತ್ತಿ ಕಂಡಿತು, ದನದ ಕೋಡು ಕಂಡಿತು. ತಿಕ್ಕುತ್ತಿದ್ದವಳ ಕೈ ಇದ್ದಕ್ಕಿದ್ದಂತೆ ನಿಂತಿತು. ಅಂಗೈಯನ್ನು ಕಲ್ಲಿನ ಅಂಚಿಗೆ ಹಚ್ಚಿದಳು. ಬೆರಳುಗಳನ್ನು ಗೊಂಬೆಗಳ ಮೇಲೆ ಮೆಲ್ಲಗೆ ಆಡಿಸಿದಳು, ಕಣ್ಣು ಮುಚ್ಚಿ. ಮುಖದ ಬಣ್ಣವೇ ಇಳಿದುಹೋಯಿತು.

"ಏನಾತಬೇ?"

"ಏನಿಲ್ಲ. ರೈಲಿಗೆ ಹೊತ್ತಾತು, ನಡಿ."

ಪಿಳ್ಳಮ್ಮ ಉಣ್ಣದೆ ಬಿಡಲಿಲ್ಲ. ಅನ್ನ, ಹುಳಿ, ಮಜ್ಜಿಗೆ. ಅಕ್ಕ ಎರಡು ತುತ್ತು ತಿಂದಳು. ಬೀಳ್ಕೊಡುವಾಗ ಪಿಳ್ಳಮ್ಮ ಕುಂಕುಮ ಕೊಡಲು ಹೋಗಿ, ತಡೆದು, ಬದಲಿಗೆ ಅವಳ ಎರಡೂ ಕೈ ತಮ್ಮ ಕಣ್ಣಿಗೆ ಒತ್ತಿಕೊಂಡರು. ಮುನಿರಾಜಣ್ಣ ತಮ್ಮ ಕಾರಿನಲ್ಲೇ ಯಶವಂತಪುರಕ್ಕೆ ಕರೆತಂದರು. ಹೆಬ್ಬಾಳದಲ್ಲಿ ಮತ್ತೆ ನಿಂತೆವು. ಬೆಳಿಗ್ಗೆ ಆ ಕಡೆ ಹೋಗಿದ್ದ ಮಂದಿಯೆಲ್ಲ ಈಗ ಈ ಕಡೆ ಬರುತ್ತಿದ್ದರು.

ಸಂಜೆಯ ರೈಲು ಬಂದು ನಿಂತಿತ್ತು. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದೆ. ಅಷ್ಟರಲ್ಲಿ ಸಂಗಪ್ಪ ಮಾಸ್ತರರ ಫೋನು. ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದೆ.

"ಏನ್ ನಿರ್ಧಾರ ಮಾಡಿದ್ರಿ ಗಿರಿಜವ್ವಾ?"

"ಮಾಡ್ರಿ ಸರ. ಬಸ್ ಸ್ಟ್ಯಾಂಡಿನ್ಯಾಗ ಬ್ಯಾಡ. ಹಳ್ಳದ ದಂಡಿ ಮ್ಯಾಲೆ ಮಾಡ್ರಿ."

"ಅಲ್ಲಿ ಅರಬಿ ಒಗೀತಾರಲ್ರೀ?"

"ಅದಕ್ಕ. ಆ ಒಗಿಯೂ ಕಲ್ಲನ್ನ ಮೊದ್ಲ ಹೊಳ್ಳಸ್ರಿ. ಹೊಳ್ಳಿಸಿ ಕೆಳಗಿನ ಮಗ್ಗಲ ನೋಡ್ರಿ. ಆಮ್ಯಾಲೆ ನಮ್ಮ ಬಸುಂದು."

ಮಾಸ್ತರರು ಏನೋ ಕೇಳುತ್ತಿದ್ದರು. ನಾನು ಫೋನು ಕೆಳಗಿಳಿಸಿ ಅಕ್ಕನ ಮುಖ ನೋಡಿದೆ.

"ಸಾಬಾಣ ಆ ಕಲ್ಲಿನ ಬುಡಕ ಜಾರಿದ್ರ ಕೈ ಹಾಕಿ ತಗೀತಿದ್ವಿ ತಮ್ಮಾ" ಎಂದಳು. "ಕೆಳಗ ಗೊಂಬಿ ಗೊಂಬಿ ಕೈಗೆ ಹತ್ತತಿದ್ವು. ಏನೋ ಅಂತ ಬಿಟ್ಟಿದ್ವಿ. ಇವತ್ತ ಆ ಹಳೀ ಕಲ್ಲ ತಿಕ್ಕುವಾಗ ಕೈಗೆ ಗೊತ್ತಾತು. ಅದ ಅಂಚು, ಅದ ಕತ್ತಿ." ಅವಳ ದನಿ ಅಲ್ಲಿಗೆ ಒಡೆಯಿತು. "ಬಸು ಸೂಟಿಗೆ ಬಂದಾಗೆಲ್ಲ ಅವನ ಯುನಿಫಾರಂ ನಾ ಅದರ ಮ್ಯಾಲೇ ಒಗದೀನಿ. ಬಡಿಗಿ ತಗೊಂಡು ಬಡದು ಬಡದು."

ರೈಲು ಕದಲಿತು. ನಾನು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಓಡಿ ಕೈಬಿಟ್ಟೆ. ಅವಳು ಹೊರಗೆ ನೋಡುತ್ತಿರಲಿಲ್ಲ. ಬರಿದಾದ ಕ್ಯಾನು ಮಡಿಲಲ್ಲಿತ್ತು. ತನ್ನ ಎರಡೂ ಅಂಗೈಗಳನ್ನು ಅದರ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತ ಕೂತಿದ್ದಳು.